ರೋಟರ್ ತಗೊಳ್ಳೋ ಮುಂಚೆ ಮ್ಯಾಗ್ನೆಟ್ ಎಲ್ಲಿದೆ ನೋಡ್ರಪ್ಪ

ಮತ್ತೆ ಅದೇ ಕತೆ. ಇ-ಎಂಟಿಬಿಯ, ಅಂದರೆ ಮೋಟರ್ ಸಹಾಯದ ಮೌಂಟನ್ ಸೈಕಲ್‌ನ, ಹಿಂದಿನ ಚಕ್ರಕ್ಕೆ ಹೊಸ 203 ಮಿ.ಮೀ. ರೋಟರ್ (ಡಿಸ್ಕ್ ಬ್ರೇಕಿನ ತಟ್ಟೆ) ಬಂದಿದೆ. ಹಳೇ ರೋಟರ್ ಜೊತೆಗೇ ಅದರಲ್ಲಿದ್ದ, ವೇಗ ಅಳೆಯೋಕೆ ಬೇಕಾದ ಮ್ಯಾಗ್ನೆಟ್ಟೂ ಗುಜರಿಗೆ ಹೋಗಿದೆ. ಅದರ ಬದಲು ಬಟನ್ ಮ್ಯಾಗ್ನೆಟ್ ಒಂದನ್ನು ಗಮ್ ಹಚ್ಚಿ ರೋಟರ್‌ಗೆ ಅಂಟಿಸಿದ್ದಾರೆ. ಜೋಗಿಮಟ್ಟಿ ಏರಿನಲ್ಲಿ ಮೋಟರ್ ನಿಂತಿದೆ, ಬ್ಯಾಟರಿ ಹೋಯ್ತು ಅಂತ ಗಾಡಿ ದಾವಣಗೆರೆಗೆ ಬಂದಿದೆ. ಬ್ಯಾಟರಿಗೆ ಏನೂ ಆಗಿಲ್ಲ!

ಈ ವಿಷಯದಲ್ಲಿ ನನಗೆ ತಾಳ್ಮೆ ಉಳಿದಿಲ್ಲ. ಎಲ್ಲರೂ 180ಆ, 203ಆ ಅಂತ ಕೇಳ್ತಾರೆ. ಮ್ಯಾಗ್ನೆಟ್ ಎಲ್ಲಿದೆ ಅಂತ ಯಾರೂ ಕೇಳಲ್ಲ.

ಹಿಂದಿನ ಚಕ್ರ ಒಂದು ಸುತ್ತು ಬಂದರೆ ಮ್ಯಾಗ್ನೆಟ್ ಒಮ್ಮೆ ಫ್ರೇಮಿನಲ್ಲಿರೋ ವೇಗದ ಸೆನ್ಸರ್ ಮುಂದೆ ಹಾಯುತ್ತೆ, ಮೋಟರ್‌ಗೆ ಒಂದು ಸಿಗ್ನಲ್ ಹೋಗುತ್ತೆ. 29 ಇಂಚಿನ ಚಕ್ರದ ಸುತ್ತಳತೆ ಸುಮಾರು 2.3 ಮೀಟರ್, ಅಂದರೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಮೂರು ಸಿಗ್ನಲ್. ಅದು ತಪ್ಪಿದರೆ ಡಿಸ್‌ಪ್ಲೇಯಲ್ಲಿ ದೋಷದ ಸಂಖ್ಯೆ ಬರುತ್ತೆ: ಶಿಮಾನೊ ಮೋಟರ್‌ನಲ್ಲಿ ಡಬ್ಲ್ಯೂ011, ಬಾಷ್ ಮೋಟರ್‌ನಲ್ಲಿ 503. ಒಂದು ಸುತ್ತಿಗೆ ಒಂದೇ ಸಿಗ್ನಲ್ ಎಣಿಸೋ ಗಾಡಿಯಲ್ಲಿ ಎರಡು ಮ್ಯಾಗ್ನೆಟ್ ಸೆನ್ಸರ್ ಮುಂದೆ ಹಾದರೆ ಇನ್ನೊಂದು ತೊಂದರೆ: ವೇಗ ಎರಡರಷ್ಟು ತೋರಿಸಿ, 25ಕ್ಕೆ ನಿಲ್ಲಬೇಕಾದ ಮೋಟರ್ ಸಹಾಯ ಹನ್ನೆರಡೂವರೆಗೇ ನಿಲ್ಲುತ್ತೆ.

‘ಮ್ಯಾಗ್ನೆಟ್ ಅಂದ್ರೆ ಮ್ಯಾಗ್ನೆಟ್, ಯಾವುದಾದ್ರೇನು’ ಅನ್ನೋರಿಗೆ ಹೇಳ್ತೀನಿ ಕೇಳಿ. ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳ್ಕೊಳ್ಳೋಕೆ ಶುರು ಮಾಡುತ್ತೆ. ಉದ್ದದ ಇಳಿಜಾರಲ್ಲಿ ಬ್ರೇಕ್ ಹಿಡಿದೇ ಇಳಿದರೆ ರೋಟರ್ 200 ಡಿಗ್ರಿಯನ್ನೂ ದಾಟಬಹುದು. ಗಮ್ ಮೊದಲೇ ಬಿಟ್ಟಿರುತ್ತೆ. ಬಿಟ್ಟ ತುಂಡು ಕ್ಯಾಲಿಪರ್ (ಪ್ಯಾಡ್‌ಗಳಿಂದ ರೋಟರನ್ನ ಹಿಡಿಯೋ ಭಾಗ) ಒಳಗೆ ಸಿಕ್ಕಿಕೊಂಡರೆ ಏನಾಗುತ್ತೆ ಅಂತ ಯೋಚನೆ ಮಾಡಿ. ರೋಟರ್‌ನಲ್ಲೇ ಮ್ಯಾಗ್ನೆಟ್ ಇರೋ ಗಾಡಿಗಳಲ್ಲಿ ಅದನ್ನ ಪ್ಯಾಡ್ ಉಜ್ಜೋ ಜಾಗದಿಂದ ದೂರ, ಹಬ್ ಕಡೆ ಕೂರಿಸಿರೋದು ಸುಮ್ಮನೆ ಅಲ್ಲ.

ಹಾಗಾಗಿ ಮೊದಲು ಚಕ್ರದ ಪಕ್ಕ ಕೂತು ನೋಡಿ. ಮ್ಯಾಗ್ನೆಟ್ ಕಡ್ಡಿಗೆ ಅಥವಾ ರಿಮ್‌ನ ವಾಲ್ವ್ ಹತ್ತಿರ ಇದ್ದರೆ ಚಿಂತೆಯಿಲ್ಲ, ರೋಟರ್ ಬದಲಾದರೂ ಅದು ಅಲ್ಲೇ ಇರುತ್ತೆ. ರೋಟರ್‌ನಲ್ಲೇ ಇದ್ದರೆ ಅಂಥದ್ದೇ ರೋಟರ್ ಬೇಕು: ಶಿಮಾನೊ ಡಿಯುಇ11 ಸೆನ್ಸರ್‌ಗೆ ಆರ್‌ಟಿ-ಇಎಂ ಸರಣಿಯ ಸೆಂಟರ್‌ಲಾಕ್ ರೋಟರ್ (ಆರು ಬೋಲ್ಟಿನ ಬದಲು ನಡುವಿನ ಒಂದೇ ರಿಂಗ್‌ನಿಂದ ಹಬ್‌ಗೆ ಬಿಗಿಯೋದು). ಸೆನ್ಸರ್ ಫ್ರೇಮ್‌ಗೆ ಕಚ್ಚಿಕೊಂಡಿದೆ, ಜರುಗಲ್ಲ. ಮ್ಯಾಗ್ನೆಟ್ಟೇ ಅದರ ಎದುರಿಗೆ ಬರಬೇಕು. ಸೆಂಟರ್‌ಲಾಕ್ ಹಬ್‌ಗೆ ಅಡಾಪ್ಟರ್ ಇಟ್ಟು ಆರು ಬೋಲ್ಟಿನ ರೋಟರ್ ಹಾಕಬಹುದು, ಆರು ಬೋಲ್ಟಿನ ಹಬ್‌ಗೆ ಸೆಂಟರ್‌ಲಾಕ್ ರೋಟರ್ ಕೂರಲ್ಲ.

ದಪ್ಪವನ್ನೂ ನೋಡಿ. ಶಿಮಾನೊ ಹೊಸದು 1.8 ಮಿ.ಮೀ., 1.5ಕ್ಕೆ ಇಳಿದರೆ ಬದಲಿಸಬೇಕು. ಟಿಆರ್‌ಪಿ ಕಂಪನಿಯಲ್ಲಿ 2.3ರ ರೋಟರ್ ಇದೆ, 1.8ಕ್ಕೆ ಮಾಡಿದ ಕ್ಯಾಲಿಪರ್‌ಗೆ ಅದನ್ನ ತುರುಕಿದರೆ ಉಜ್ಜುತ್ತಲೇ ಇರುತ್ತೆ. 200 ಮತ್ತು 203 ಒಂದೇ ಅಲ್ಲ. ಕ್ಯಾಲಿಪರ್ ಕೂರಿಸೋ ಅಡಾಪ್ಟರ್ 203ರದ್ದಾಗಿದ್ದು 200ರ ರೋಟರ್ ಹಾಕಿದರೆ ಪ್ಯಾಡ್ ಒಂದೂವರೆ ಮಿ.ಮೀ. ಆಚೆ ಚಾಚಿ, ಆ ಅಂಚು ಸವೆಯದೆ ಉಳಿಯುತ್ತೆ. ಫ್ರೇಮ್ ಎಷ್ಟು ದೊಡ್ಡ ರೋಟರ್ ತಡೆಯುತ್ತೆ ಅನ್ನೋದು ಕಂಪನಿಯ ಕೈಪಿಡಿಯಲ್ಲಿದೆ, ಅದನ್ನ ಮೀರಬೇಡಿ.

ಸೆಂಟರ್‌ಲಾಕ್ ರಿಂಗ್‌ಗೆ 40 ನ್ಯೂಟನ್ ಮೀಟರ್ ಬಿಗಿತ. ಕೈ ಅಂದಾಜು ಸಾಲದು, ಬಿಗಿತ ಅಳೆಯೋ ಟಾರ್ಕ್ ರೆಂಚ್ ಬೇಕೇ ಬೇಕು. ರೋಟರನ್ನ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಮ್ಯಾಗ್ನೆಟ್‌ಗೆ ಅಂಟಿದ ಕಬ್ಬಿಣದ ಪುಡಿಯನ್ನೂ ತೆಗೀರಿ. ಡಿಸ್‌ಪ್ಲೇ ಆನ್ ಮಾಡಿ, ಚಕ್ರ ಎತ್ತಿ ಕೈಯಿಂದ ತಿರುಗಿಸಿ, ವೇಗ ಬರ್ತಿದೆಯಾ ನೋಡಿ. ರೋಟರ್ ಹತ್ತಿರ ಬೆರಳು ಬೇಡ. ಆಮೇಲೆ ಪ್ಯಾಡು ಹೊಸ ರೋಟರ್‌ಗೆ ಹೊಂದಿಕೊಳ್ಳಲಿ ಅಂತ ಸಮತಟ್ಟು ರಸ್ತೆಯಲ್ಲಿ 20ರ ವೇಗದಿಂದ ನಡಿಗೆಯ ವೇಗಕ್ಕೆ ಇಳಿಸೋದನ್ನ ಇಪ್ಪತ್ತು ಸಲ ಮಾಡಿ, ಚಕ್ರ ಲಾಕ್ ಆಗದ ಹಾಗೆ. ಹೊಸ ರೋಟರ್ ಹಾಕಿ ಸೀದಾ ದುರ್ಗದ ಇಳಿಜಾರಿಗೆ ಹೋಗಬೇಡಿ.

ಇನ್ನೂ ಒಂದು. ಬ್ರೇಕ್ ಸಾಲ್ತಿಲ್ಲ ಅನ್ನೋದಾದರೆ ಹಿಂದಿನದಕ್ಕೇ ಯಾಕೆ ಮೊದಲು ಕೈ ಹಾಕ್ತೀರಿ? ಗಾಡಿಯನ್ನ ಹೆಚ್ಚು ನಿಲ್ಲಿಸೋದು ಮುಂದಿನ ಬ್ರೇಕು. ಅಲ್ಲಿ ಸೆನ್ಸರೂ ಇಲ್ಲ, ಮ್ಯಾಗ್ನೆಟ್ಟೂ ಇಲ್ಲ. ಫೋರ್ಕ್ ಒಪ್ಪಿದರೆ ಮುಂದೆ 203 ಹಾಕಿಸಿ, ಹಿಂದೆ 180 ಹಾಗೇ ಇರಲಿ.