ಕರೆಂಟ್ ಹೋದರೆ 2002

ಹಳೆಯ ಕಂಪ್ಯೂಟರಿಗೆ ವಿಂಡೋಸಿನ ಬದಲು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಡಲು ಒಪ್ಪಿಕೊಂಡವನ ತಲೆಯ ಮೇಲೆ, ಅದಕ್ಕೆ ಹಿಂದೆ ಬಂದಿದ್ದ ಮತ್ತು ಮುಂದೆ ಬರಲಿರುವ ಸಕಲ ರೋಗಗಳ ಹೊಣೆಯೂ ಬೀಳುತ್ತದೆ. ಶಿರಸಿ ಸಮೀಪದ ಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನ ಪೆಂಟಿಯಂ 4 ಯಂತ್ರ ಅಡಿಕೆ ಮೂಟೆಗಳ ಪಕ್ಕದಲ್ಲಿ, ಅಟ್ಟದ ಮೇಲೆ, ಹಲವು ಮಳೆಗಾಲಗಳನ್ನು ಕಳೆದಿತ್ತು. ಅದರೊಳಗಿದ್ದ ವಿಂಡೋಸ್ ಎಕ್ಸ್‌ಪಿಗೆ ಅಧಿಕೃತ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತುಹೋಗಿದ್ದರೂ, ಅದು ತೆರೆದುಕೊಳ್ಳುವುದನ್ನೇ ನಿಲ್ಲಿಸುವವರೆಗೆ ಚಿಕ್ಕಪ್ಪ ಆ ವಿಷಯವನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಅವರ ಷರತ್ತು ಒಂದೇ: ಡಿ ಡ್ರೈವಿನಲ್ಲಿರುವ ತೋಟದ ಲೆಕ್ಕಕ್ಕೆ ಧಕ್ಕೆಯಾಗಬಾರದು.

ಗುಂಡಿ ಒತ್ತಿದೊಡನೆ ಯಂತ್ರವು ಉದ್ದಕ್ಕೆ ಕೂಗತೊಡಗಿತು. "ಅಪ್ಪೀ, ನಿನ್ನ ಲಿನಕ್ಸು ಕೂಗ್ತಾ ಇದ್ದಲಾ" ಎಂದು ಚಿಕ್ಕಪ್ಪ ಗಾಬರಿಯಾದರು. ಲಿನಕ್ಸ್ ಆಗಿನ್ನೂ ನನ್ನ ಜೇಬಿನ ಪೆನ್‌ಡ್ರೈವಿನಲ್ಲಿತ್ತು. ಮಲೆನಾಡಿನ ತೇವಕ್ಕೆ ಕಂಪ್ಯೂಟರಿನ ನೆನಪಿನ ಪಟ್ಟಿಯಾದ ರ‍್ಯಾಮಿನ ಹೊಂಬಣ್ಣದ ಹಲ್ಲುಗಳು ಮಂಕಾದರೆ ಯಂತ್ರ ಹೀಗೆ ಕೂಗುವುದುಂಟು. ಚಿಕ್ಕಮ್ಮ ಹುಡುಕಿಕೊಟ್ಟ ರಬ್ಬರಿನಿಂದ ಅವನ್ನು ಮೆಲ್ಲಗೆ ಉಜ್ಜಿದಾಗ ರಬ್ಬರು ಕಪ್ಪಾಯಿತು, ಕೂಗು ನಿಂತಿತು.

ಪೆನ್‌ಡ್ರೈವ್ ಚುಚ್ಚಲು ಹೋದರೆ ಮುಂಭಾಗದ ಯುಎಸ್‌ಬಿ ಕಿಂಡಿಗಳೆರಡೂ ಇರಲಿಲ್ಲ. ಕುಂಬಾರ ಹುಳ ಅವಕ್ಕೆ ಮಣ್ಣು ಮೆತ್ತಿ, ಒರೆದು ನುಣುಪು ಮಾಡಿ, ಕ್ಯಾಬಿನೆಟ್ಟಿನ ಬಣ್ಣಕ್ಕೆ ಹೊಂದುವಂತೆ ಮುಚ್ಚಿಬಿಟ್ಟಿತ್ತು. ಹಿಡಿಕಡ್ಡಿಯಿಂದ ಕೆದಕಿದಾಗ ಒಂದರಿಂದ ಮಣ್ಣಿನ ಪುಡಿಯೊಂದಿಗೆ ಒಣಗಿದ ಜೇಡವೊಂದು ಉದುರಿತು. ಮರಿಗಳಿಗೆಂದು ಅದು ತಂದಿಟ್ಟ ಬುತ್ತಿ ಇರಬೇಕು. ಇನ್ನೊಂದನ್ನು ಅದಕ್ಕೇ ಬಿಟ್ಟುಕೊಟ್ಟು ನಾನು ಹಿಂಭಾಗದ ಕಿಂಡಿಗಳಿಗೆ ಶರಣಾದೆ.

ಲಿನಕ್ಸಿನ ಹಲವು ಬಗೆಗಳಲ್ಲಿ ಯಾವುದು ಎಂಬ ಪ್ರಶ್ನೆ ಮೊದಲೇ ಇತ್ಯರ್ಥವಾಗಿತ್ತು. ಈ ಪ್ರೊಸೆಸರ್ 32 ಬಿಟ್‌ನದು, ರ‍್ಯಾಮ್ 512 ಎಂಬಿ. ಉಬುಂಟು 2017ರಲ್ಲೇ 32 ಬಿಟ್ ಡೆಸ್ಕ್‌ಟಾಪ್ ಆವೃತ್ತಿಯನ್ನು ಕೈಬಿಟ್ಟಿದೆ, 2025ರ ಡೆಬಿಯನ್ 13ರಲ್ಲಿ 32 ಬಿಟ್‌ನ ಇನ್‌ಸ್ಟಾಲರೇ ಇಲ್ಲ. ಹಳೆಯ ಯಂತ್ರಗಳನ್ನು ಇನ್ನೂ ಮರೆಯದಿರುವ ಆಂಟಿಎಕ್ಸ್‌ ತಂದಿದ್ದೆ. ಯಂತ್ರವು ಪೆನ್‌ಡ್ರೈವಿನಿಂದಲೇ ಏಳಲೆಂದು, ಆರಂಭದ ಸೆಟ್ಟಿಂಗುಗಳಿರುವ ಬಯಾಸಿನಲ್ಲಿ 'ಯುಎಸ್‌ಬಿ-ಎಚ್‌ಡಿಡಿ'ಯನ್ನು ಮೊದಲ ಸಾಲಿಗೆ ತಂದೆ, ಪರದೆ ಕಪ್ಪಾಗಿ ಕುಳಿತಾಗ ಗ್ರಾಫಿಕ್ಸ್ ಚಾಲಕವನ್ನು ಬದಿಗಿಡುವಂತೆ ಬೂಟ್ ಆಜ್ಞೆಯ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಎಂದು ಸೇರಿಸಿದೆ, ಚಿತ್ರ ಮೂಡಿತು. ಡಿಸ್ಕ್ ಪೂರ್ತಿ ಅಳಿಸಲೇ ಎಂದು ಇನ್‌ಸ್ಟಾಲರ್ ಕೇಳಿದಾಗ ಚಿಕ್ಕಪ್ಪ, ಮನೆ ಹಿಸೆಯಾಗುವಾಗ ಪಂಚರ ಮುಂದೆ ಕುಳಿತಂತೆ ನೆಟ್ಟಗೆ ಕುಳಿತು, ಸಿ ಡ್ರೈವ್ ಮಾತ್ರ ಲಿನಕ್ಸಿಗೆ ಹೋದುದನ್ನು ಖಾತ್ರಿ ಮಾಡಿಕೊಂಡರು.

ಅಸಲು ಫಜೀತಿ ಶುರುವಾದದ್ದು ಎಲ್ಲ ಮುಗಿಯಿತು ಎಂದ ಮೇಲೆ. ಸಿಗ್ನಲ್ ಸಿಗುವುದು ಜಗಲಿಯಲ್ಲಿ ಮಾತ್ರವಾದ್ದರಿಂದ ಯಂತ್ರವನ್ನು ಅಲ್ಲಿಗೇ ಹೊತ್ತು, ಮೊಬೈಲಿನ ಕೇಬಲ್ ಸಿಕ್ಕಿಸಿ ಅಂತರ್ಜಾಲ ಕೊಟ್ಟರೆ, ಬ್ರೌಸರ್ ಯಾವ ತಾಣವನ್ನೂ ನಂಬಲಿಲ್ಲ. ಅಪ್‌ಡೇಟ್ ಮಾಡಹೋದರೆ, ಆ ಕಡತ ಇನ್ನೂ ಚಾಲ್ತಿಗೆ ಬಂದಿಲ್ಲವೆಂಬ ಉತ್ತರ ಬಂತು. ಮೂಲೆಯ ಗಡಿಯಾರ ನೋಡಿದೆ: 2002, ಜನವರಿ 1. ಮದರ್‌ಬೋರ್ಡಿನ ಮೇಲಿದ್ದು ಕರೆಂಟಿಲ್ಲದಾಗಲೂ ಗಡಿಯಾರ ನಡೆಸುವ ಬಿಲ್ಲೆ ಸೆಲ್ ಸತ್ತುಹೋಗಿತ್ತು. ಮುಂದೆಂದೋ ಹುಟ್ಟಲಿರುವ, ತಾಣದ ಗುರುತು ಸಾರುವ ಪ್ರಮಾಣಪತ್ರವನ್ನು ಒಪ್ಪದ ಯಂತ್ರದ ನಿಲುವು ತರ್ಕಕ್ಕೆ ಸರಿಯಾಗಿಯೇ ಇತ್ತು. ತಾರೀಖು ತಿದ್ದಿದರೆ ಎಲ್ಲವೂ ಸರಿಹೋಗುತ್ತಿತ್ತು, ಆದರೆ ಆಷಾಢದ ಮಳೆಯಲ್ಲಿ ನಮ್ಮ ಕಡೆ ಕರೆಂಟು ಉಳಿಯಬೇಕಲ್ಲ! ಪ್ರತಿಸಲ ದೀಪ ಆರಿದಾಗಲೂ ಯಂತ್ರವು 2002ಕ್ಕೆ ವಾಪಸಾಗುತ್ತಿತ್ತು, ಪ್ರತಿಸಲವೂ ಚಿಕ್ಕಪ್ಪ "ಎಕ್ಸ್‌ಪಿಗೆ ಈ ರೋಗ ಇತ್ತಿಲ್ಲೆ" ಎನ್ನುತ್ತಿದ್ದರು. ಕೊನೆಗೆ ಶಿರಸಿ ಪೇಟೆಯ ಗಡಿಯಾರ ರಿಪೇರಿಯವರಲ್ಲಿ ಮೂರು ವೋಲ್ಟಿನ ಸಿಆರ್2032 ಸೆಲ್ ಸಿಕ್ಕಿತು. ವಾಚಿನದೋ ಕಾರಿನ ಕೀಲಿಯದೋ ಎಂದು ಕೇಳಿದ ಅವರಿಗೆ, ಲಿನಕ್ಸಿನದು ಎಂದು ಚಿಕ್ಕಪ್ಪನೇ ಉತ್ತರಿಸಿದರು.

ಲೆಕ್ಕದ ಕಡತ ತೆರೆದಾಗ ಕನ್ನಡದ ಬದಲು ಚುಕ್ಕೆ, ಕೊಕ್ಕೆ, ಟೋಪಿ ತೊಟ್ಟ ರೋಮನ್ ಅಕ್ಷರಗಳು ಕಂಡವು. ಎಲ್ಲ ಭಾಷೆಗಳಿಗೂ ಒಂದೇ ಸಂಕೇತ ಕ್ರಮವಾದ ಯೂನಿಕೋಡನ್ನು ಅಳವಡಿಸಿಕೊಳ್ಳುವ ಮುಂಚಿನ 'ನುಡಿ' ತಂತ್ರಾಂಶದ ಬರಹ ಅದೇ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಅದೃಷ್ಟಕ್ಕೆ ಫಾಂಟಿನ ಕಡತವೂ ಡಿ ಡ್ರೈವಿನಲ್ಲೇ ಸಿಕ್ಕಿತು. ಅದನ್ನು ಫಾಂಟುಗಳ ಫೋಲ್ಡರಿಗೆ ನಕಲಿಸಿ ಲಿಬ್ರೆಆಫೀಸನ್ನು ಮತ್ತೆ ತೆರೆದೆ. ಚಹಾ ಕುಡಿದು ಲೋಟ ತೊಳೆದಿಡುವಷ್ಟು ಹೊತ್ತಿನ ಬಳಿಕ ಅಕ್ಷರಗಳು ಒಂದೊಂದಾಗಿ ಕನ್ನಡವಾದವು.

ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಸಾಲುಗಳ ಮೇಲೆ ಬೆರಳಾಡಿಸುತ್ತ ಬಂದು ಒಂದು ಕಡೆ ನಿಂತರು. "ಅಪ್ಪೀ, ತೋಟಕ್ಕೆ ಹಾಕಿಸಿದ ಮಣ್ಣಿನ ಬಾಬ್ತು ನಿನ್ನ ಅಪ್ಪಂದು ಇನ್ನೂ ಬಾಕಿ ಇದ್ದಲಾ!" ಎಂದರು. ನಾನು ನನ್ನ ಪೆನ್‌ಡ್ರೈವನ್ನು ಕಿತ್ತುಕೊಳ್ಳುವಷ್ಟರಲ್ಲಿ ಅವರು ಹೊಸ ಸಾಲೊಂದನ್ನು ಸೇರಿಸಿ, ಲಿನಕ್ಸ್ ಹಾಕಿದ ಕೂಲಿಯನ್ನು ಅದರಲ್ಲೇ ವಜಾ ಮಾಡಿ, ಉಳಿದದ್ದನ್ನು ಅಪ್ಪನಿಗೆ ತಿಳಿಸುವಂತೆ ನನಗೇ ಹೇಳಿದರು.