ಸಮುದ್ರ ಎಲ್ಲಿದೆ ಮಾರಾಯ್ರೇ?

ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫೋಕ್ ಕೌಂಟಿಯ ಉತ್ತರ ಕರಾವಳಿಯಲ್ಲಿ ಸಮುದ್ರ ನೋಡಬೇಕು ಅಂದರೆ ನಡೆಯಬೇಕು. ಕಾರು ನಿಲ್ಲಿಸಿ, ಗಾಜು ಇಳಿಸಿ, "ಆಹಾ" ಅಂದು ಫೋಟೊ ಹೊಡೆದು ಹೊರಡುವ ಸಮುದ್ರ ಅಲ್ಲ ಇದು. ಊರು ದಾಟಿದರೆ ಜವುಗು, ಜವುಗು ದಾಟಿದರೆ ಮರಳು ದಿಬ್ಬ, ದಿಬ್ಬ ಹತ್ತಿ ಇಳಿದರೆ ಕಣ್ಣು ಹಾಯುವಷ್ಟು ದೂರ ಬರೀ ಮರಳು. ಇಳಿತದ ಹೊತ್ತಿಗೆ ಹೋಗಿದ್ದರೆ ನೀರು ಅನ್ನೋದು ಎಲ್ಲೋ ದೂರದಲ್ಲಿ ಎಳೆದ ಬಿಳಿ ಗೆರೆ. ಅದರ ಕಡೆ ನಡೆದಷ್ಟೂ ಅದು ಅಲ್ಲೇ ಇರುತ್ತದೆ.

ನನಗೆ ಇಷ್ಟವಾದ ದಾರಿ ಬರ್ನಮ್ ಓವರಿ ಸ್ಟೇತ್ ಅನ್ನುವ ಪುಟ್ಟ ಊರಿಂದ ವೆಲ್ಸ್ ಅನ್ನುವ ಬಂದರು ಊರಿನ ತನಕದ್ದು. 1986ರಲ್ಲಿ ತೆರೆದ ನಾರ್ಫೋಕ್ ಕರಾವಳಿ ಕಾಲುದಾರಿಯ ಒಂದು ತುಂಡು ಅಷ್ಟೇ. ನಡುವೆ ಹೋಲ್ಕಮ್ ಎಸ್ಟೇಟಿನ, ಅಂದರೆ ಒಂದು ದೊಡ್ಡ ಜಮೀನುದಾರ ಮನೆತನದ ಆಸ್ತಿಯ, ಒಳಗೂ ಒಂದು ಸುತ್ತು ಹಾಕಿದರೆ ಸುಮಾರು ಹದಿನೈದು ಕಿಲೋಮೀಟರ್ ಆಗುತ್ತದೆ. ದೂರ ಜಾಸ್ತಿ ಅಂತ ಹೆದರಬೇಡಿ, ಏರು ಅನ್ನೋದೇ ಇಲ್ಲ. ಏರು ಮಾಡುವ ಕೆಲಸವನ್ನೆಲ್ಲ ಗಾಳಿ ವಹಿಸಿಕೊಂಡಿದೆ.

ಮೊದಲಿಗೆ ಒಂದು ಮಣ್ಣಿನ ಏರಿ. ಎಡಕ್ಕೆ ಉಪ್ಪುನೀರಿನ ಜವುಗು. ಉಬ್ಬರ ಬಂದಾಗ ಅದರ ಕಾಲುವೆಗಳು ತುಂಬಿ ದೋಣಿಗಳು ಎದ್ದು ನಿಲ್ಲುತ್ತವೆ, ಇಳಿತದಲ್ಲಿ ಅವೇ ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಮಲಗಿರುತ್ತವೆ. ಬ್ರಿಟಿಷ್ ನೌಕಾಪಡೆಯ ಹೆಸರಾಂತ ಅಡ್ಮಿರಲ್ ನೆಲ್ಸನ್ 1758ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಬರ್ನಮ್ ಥಾರ್ಪ್‌ನಲ್ಲಿ, ಹಾಗಾಗಿ ಸುತ್ತಲಿನ ಊರುಗಳಲ್ಲಿ ಅವನ ಹೆಸರು ತಪ್ಪಿಸಿಕೊಂಡು ನಡೆಯೋದು ಕಷ್ಟ. ಬಲಕ್ಕೆ ನೋಡಿದರೆ ಬೇರೆಯದೇ ಲೋಕ. ಸಿಹಿನೀರು, ಹುಲ್ಲು, ಮೇಯುತ್ತಿರುವ ದನ. ನಡುವೆ ಇರೋದು ನಾವು ಕಾಲಿಟ್ಟಿರುವ ಈ ಏರಿ ಒಂದೇ. ಕುಮಟಾ, ಅಂಕೋಲಾ ಕಡೆಯ ಗಜನಿ, ಅಂದರೆ ಉಪ್ಪುನೀರಿನ ಗದ್ದೆ, ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಲ್ಲಿಯೂ ಕಟ್ಟೆ ಹಾಕಿಯೇ ಉಪ್ಪುನೀರಿನ ಜೊತೆ ವ್ಯವಹಾರ. ಆದರೆ ನಮ್ಮವರು ಆ ನೀರನ್ನು ಬೇಕಾದಾಗ ಒಳಗೆ ಬಿಟ್ಟು ಸಿಗಡಿ, ಮೀನು ಹಿಡಿದು, ಮಳೆಗಾಲದಲ್ಲಿ ಅದೇ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದರು. ಇಲ್ಲಿನವರದು ಒಂದೇ ಮಾತು: ಸಮುದ್ರ ಆಚೆಗಿರಲಿ. ಹದಿನೇಳನೇ ಶತಮಾನದಿಂದ ಹತ್ತೊಂಬತ್ತನೆಯದರವರೆಗೆ ತುಂಡು ತುಂಡಾಗಿ ಏರಿ ಹಾಕುತ್ತಾ ಹೋದರು. ಈ ದಾರಿಯ ತುಂಬ ಇದೇ ಕಥೆ. ಪ್ರಕೃತಿ ಅಂದುಕೊಂಡು ಫೋಟೊ ತೆಗೆಯುತ್ತೇವೆ, ವಿಚಾರಿಸಿದರೆ ಯಾರೋ ಯಜಮಾನರು ದುಡ್ಡು ಹಾಕಿ ಮಾಡಿಸಿದ್ದು.

ಏರಿ ಮುಗಿದು, ದಿಬ್ಬ ಇಳಿದು, ಹೋಲ್ಕಮ್ ಬೀಚು. ಇದರ ಬಗ್ಗೆ ಜಾಸ್ತಿ ಹೇಳೋದಕ್ಕೆ ಏನಿಲ್ಲ, ದೊಡ್ಡದು, ಅಷ್ಟೇ. ಜನ ಸಾಸಿವೆಕಾಳಿನಷ್ಟಾಗಿ ಕಾಣುತ್ತಾರೆ, ಎಲ್ಲರ ಜೊತೆಗೂ ಒಂದು ನಾಯಿ. ಇನ್ನೊಂದು ವಿಷಯ. ಈ ಬೀಚಿನ ಒಂದು ಭಾಗದಲ್ಲಿ ಬಟ್ಟೆ ಇಲ್ಲದೆ ಬಿಸಿಲು ಕಾಯುವವರಿಗೆ ಅವಕಾಶ ಇದೆ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಬೀಚಿನ ಬೆನ್ನಿಗೇ ಪೈನ್ ಕಾಡು. ಗಾಳಿ ಒಮ್ಮೆಲೇ ನಿಂತು ಕಿವಿಗೆ ಕೆಲಸ ಶುರುವಾಗುತ್ತದೆ, ಕಾಲಡಿ ಒಣಗಿದ ಸೂಜಿ ಎಲೆಗಳ ಮೆತ್ತನೆ. ಕಾಡು ಅಂತ ಕರೆದರೂ ಇದೂ ನೆಟ್ಟಿದ್ದೇ. ಮರಳು ಹಾರಿ ಹಿಂದಿನ ಹೊಲಗಳ ಮೇಲೆ ಬೀಳುತ್ತದೆ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಎಸ್ಟೇಟಿನವರು ಕಾರ್ಸಿಕನ್, ಸ್ಕಾಟ್ಸ್, ಮ್ಯಾರಿಟೈಮ್ ಅಂತ ಮೂರು ಜಾತಿಯ ಪೈನ್ ತಂದು ನೆಟ್ಟರು. ಸುಮ್ನೆ ತಂಪಿಗೆ ಅಂತ ಅಲ್ಲ, ಹೊಲದ ಕಾವಲಿಗೆ.

ಹಾಗಾದರೆ ಆ ಯಜಮಾನರ ಮನೆ ನೋಡಲೇಬೇಕಲ್ವಾ? ಲೇಡಿ ಆನ್ಸ್ ಡ್ರೈವ್ ಅನ್ನುವ ನೇರ ರಸ್ತೆಯಲ್ಲಿ ಹಿಂದಕ್ಕೆ ಹೋಗಿ, ಹೆದ್ದಾರಿ ದಾಟಿದರೆ ಹೋಲ್ಕಮ್ ಊರು, ಅದರಾಚೆ ಪಾರ್ಕಿನ ಗೇಟು. ಕಾರು ನಿಲ್ಲಿಸಲು ದುಡ್ಡು, ಕಾಲಿಗೆ ಪುಕ್ಕಟೆ. ಜಿಂಕೆಗಳು ಹಿಂಡು ಹಿಂಡಾಗಿ ಮೇಯುತ್ತಾ ನಮ್ಮನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಮನೆ ಕಟ್ಟಿಸಿದವನು ಥಾಮಸ್ ಕೋಕ್, ಮೊದಲನೇ ಲೆಸ್ಟರ್ ಅರ್ಲ್ (ಅರ್ಲ್ ಅಂದರೆ ಅಲ್ಲಿನ ದೊಡ್ಡ ಮನೆತನದವರ ಒಂದು ಬಿರುದು). 1720ರಲ್ಲಿ ಸೌತ್ ಸೀ ಕಂಪನಿಯ ಷೇರು ಕುಸಿದಾಗ ಚೆನ್ನಾಗಿ ಕೈ ಸುಟ್ಟುಕೊಂಡವನು. ಕೆಲಸ ಶುರುವಾಗಿದ್ದು 1734ರಲ್ಲಿ. 1759ರಲ್ಲಿ ಅವನು ತೀರಿಕೊಂಡಾಗ ಮನೆ ಇನ್ನೂ ಮುಗಿದಿರಲಿಲ್ಲ, ಹೆಂಡತಿ ಮಾರ್ಗರೆಟ್ ನಿಂತು 1764ರ ಹೊತ್ತಿಗೆ ಮುಗಿಸಿದಳು. ಒಳಗೆ ಮಾರ್ಬಲ್ ಹಾಲ್ ಅಂತ ಕರೆಯುವ ದೊಡ್ಡ ಹಾಲ್ ಇದೆ. ಹೊರಗಿನಿಂದ ನೋಡಿದರೆ ಮಾತ್ರ ಬೋಳು ಇಟ್ಟಿಗೆ. ನನಗೇನೂ ಅಷ್ಟು ಹಿಡಿಸಲಿಲ್ಲ.

ಹಿಡಿಸಿದ್ದು ಪಾರ್ಕಿನಲ್ಲಿರುವ ಸ್ಮಾರಕ ಕಂಬ. ಇದೇ ಮನೆತನದ ಇನ್ನೊಬ್ಬ ಥಾಮಸ್ ಕೋಕ್, ಬೇಸಾಯದ ಹುಚ್ಚಿನವನು, 1842ರಲ್ಲಿ ತೀರಿಕೊಂಡ. ಅವನ ನೆನಪಿಗೆ ಎಬ್ಬಿಸಿದ್ದು. ದೊಡ್ಡವರ ಕಂಬ ಅಂದರೆ ತುದಿಯಲ್ಲಿ ಒಬ್ಬ ಕತ್ತಿ ಹಿಡಿದು ನಿಂತಿರಬೇಕು ತಾನೇ. ಇಲ್ಲಿ ತುದಿಯಲ್ಲಿರುವುದು ಗೋಧಿಯ ಸಿವುಡು. ಬುಡದ ನಾಲ್ಕು ಮೂಲೆಗೆ ಎತ್ತು, ಕುರಿ, ನೇಗಿಲು, ಕೂರಿಗೆ. ಟರ್ನಿಪ್, ಬಾರ್ಲಿ, ಕ್ಲೋವರ್, ಗೋಧಿ ಅಂತ ನಾಲ್ಕು ವರ್ಷದ ಬೆಳೆ ಸುತ್ತನ್ನು ಅವನೇ ಕಂಡುಹಿಡಿದ ಅನ್ನುವುದು ಉಬ್ಬಿಸಿದ ಮಾತು, ಆ ಪದ್ಧತಿ ಅವನಿಗಿಂತ ಮೊದಲೇ ಇತ್ತು. ಆದರೆ ವರ್ಷ ವರ್ಷ ಕುರಿ ಉಣ್ಣೆ ಕತ್ತರಿಸುವ ಹೊತ್ತಿಗೆ ರೈತರನ್ನೆಲ್ಲ ಕರೆಸಿ, ಉಣ್ಣಿಸಿ, ತೋರಿಸಿ, ಅದನ್ನು ಊರಿಗೆಲ್ಲ ಹಬ್ಬಿಸಿದ್ದು ಅವನೇ.

ಬೌಲರ್ ಹ್ಯಾಟು ಹುಟ್ಟಿದ್ದೂ ಈ ಎಸ್ಟೇಟಿನ ಕಾವಲುಗಾರರಿಗಾಗಿ. ಉದ್ದನೆಯ ಟೋಪಿ ಹಾಕಿಕೊಂಡು ಕುದುರೆ ಮೇಲೆ ಹೋದರೆ ಕೊಂಬೆಗೆ ತಾಗಿ ಬೀಳುತ್ತಿತ್ತು. 1849ರಲ್ಲಿ ಮನೆತನದ ಎಡ್ವರ್ಡ್ ಕೋಕ್ ಲಂಡನ್ನಿನ ಟೋಪಿ ಅಂಗಡಿಗೆ ಗಟ್ಟಿಯಾದ ಗಿಡ್ಡ ಟೋಪಿ ಮಾಡಿಕೊಡಲು ಹೇಳಿದ. ತಯಾರಾದ ಮೇಲೆ ಅದನ್ನು ನೆಲಕ್ಕಿಟ್ಟು ಮೆಟ್ಟಿ ನೋಡಿದನಂತೆ, ಅಪ್ಪಚ್ಚಿಯಾಗಲಿಲ್ಲವಂತೆ, ದುಡ್ಡು ಕೊಟ್ಟು ತೆಗೆದುಕೊಂಡನಂತೆ. ಕಾಡು ಕಾಯುವವರ ಟೋಪಿ ಮುಂದೆ ಲಂಡನ್ನಿನ ಬ್ಯಾಂಕಿನವರ ತಲೆ ಏರಿತು ನೋಡಿ.

ವಾಪಸ್ ಲೇಡಿ ಆನ್ಸ್ ಡ್ರೈವಿನಲ್ಲಿ ಬರುವಾಗ ಎರಡೂ ಕಡೆ ಜವುಗು ಹುಲ್ಲುಗಾವಲು. ಚಳಿಗಾಲವಾದರೆ ಅಲ್ಲಿ ಐಸ್‌ಲ್ಯಾಂಡಿನಿಂದ ಬಂದ ಗುಲಾಬಿ ಕಾಲಿನ ಹೆಬ್ಬಾತುಗಳು. ಹಗಲೆಲ್ಲ ಸುತ್ತಲಿನ ಹೊಲಗಳಲ್ಲಿ, ಸಕ್ಕರೆ ಬೀಟ್ ಕಿತ್ತ ಮೇಲೆ ಉಳಿದದ್ದನ್ನು ತಿಂದು, ಸಂಜೆ ಸಾಲು ಸಾಲಾಗಿ ಗಲಾಟೆ ಮಾಡುತ್ತಾ ತಿರುಗಿ ಬರುತ್ತವೆ. ಬೇಸಿಗೆಯಲ್ಲಾದರೆ ಚಮಚದ ಕೊಕ್ಕಿನ ಹಕ್ಕಿ. ನಮ್ಮ ರಂಗನತಿಟ್ಟಿನಲ್ಲಿ ದೋಣಿಯವರು ಬೆರಳು ಮಾಡಿ ತೋರಿಸುತ್ತಾರಲ್ಲ, ಅದೇ ಜಾತಿ. ಬ್ರಿಟನ್ನಿನಲ್ಲಿ ಮುನ್ನೂರಕ್ಕೂ ಹೆಚ್ಚು ವರ್ಷ ಗುಂಪಾಗಿ ಗೂಡು ಕಟ್ಟದಿದ್ದ ಈ ಹಕ್ಕಿ 2010ರಲ್ಲಿ ಹೋಲ್ಕಮ್‌ನಲ್ಲಿ ಮತ್ತೆ ಸಂಸಾರ ಹೂಡಿತು. ಇದನ್ನು ಮಾತ್ರ ಯಾರೂ ದುಡ್ಡು ಕೊಟ್ಟು ತರಿಸಿದ್ದಲ್ಲ, ಅದಾಗಿಯೇ ಬಂದದ್ದು.

ಅಲ್ಲಿಂದ ಮತ್ತೆ ಪೈನ್ ಕಾಡಿನೊಳಗೆ ವೆಲ್ಸ್ ಕಡೆಗೆ. ವೆಲ್ಸ್ ಬೀಚಿನಲ್ಲಿ ಮರದ ಕಂಬಗಳ ಮೇಲೆ ನಿಂತ ಬಣ್ಣದ ಗುಡಿಸಲುಗಳಿವೆ, ಒಂದು ಸೈರನ್ ಕೂಡ ಇದೆ. ಉಬ್ಬರ ಶುರುವಾದಾಗ ಅದು ಕೂಗುತ್ತದೆ. ಯಾಕೆಂದರೆ ಇಲ್ಲಿ ನೀರು ಮುಂದಿನಿಂದ ಬರುವುದಿಲ್ಲ. ಮರಳಿನ ಮೇಲೆ ಆರಾಮಾಗಿ ನಿಂತಿರುವಾಗ ಬೆನ್ನ ಹಿಂದಿನ ಕಾಲುವೆ ಸದ್ದಿಲ್ಲದೆ ತುಂಬಿ ವಾಪಸ್ ಬರುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಕೂಗಿದ ತಕ್ಷಣ ಹೊರಡಬೇಕು, ಇನ್ನೊಂದು ಫೋಟೊ ಅಂತ ನಿಲ್ಲಬಾರದು.

ಬೀಚಿನಿಂದ ಊರಿಗೆ ಇನ್ನೊಂದು ಏರಿ, 1859ರದ್ದು, ಸುಮಾರು ಒಂದು ಮೈಲಿ. 1953ರ ಜನವರಿ ಕೊನೆಯ ರಾತ್ರಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 307 ಜನ ಸತ್ತರು. ಆ ರಾತ್ರಿ ಈ ಏರಿಯೂ ಒಡೆಯಿತು. 1978ರಲ್ಲಿ ಮತ್ತೆ ಒಡೆಯಿತು, ಮತ್ತೆ ಕಟ್ಟಿದರು. ಊರಿನ ಮಕ್ಕಳು ಈಗ ಅದರ ಮೇಲೆ ಸೈಕಲ್ ಹೊಡೆಯುತ್ತಾರೆ.

ಹೋಗುವವರಿದ್ದರೆ ಪಶ್ಚಿಮದಿಂದ ಪೂರ್ವಕ್ಕೇ ನಡೆಯಿರಿ, ಸಾಮಾನ್ಯವಾಗಿ ಗಾಳಿ ಬೆನ್ನಿಗಿರುತ್ತದೆ. ಉಬ್ಬರ ಇಳಿತದ ಹೊತ್ತು ನೋಡಿಕೊಂಡು ಹೊರಡಿ. ಕಾರನ್ನು ವೆಲ್ಸ್‌ನಲ್ಲೇ ಬಿಟ್ಟು ಬರ್ನಮ್ ಓವರಿ ಸ್ಟೇತ್ ತನಕ ಬಸ್ಸಿನಲ್ಲಿ ಹೋಗಿ, ಕೊನೆಯಲ್ಲಿ ಬಸ್ಸಿಗೆ ಕಾಯುವ ತಲೆನೋವು ಇರುವುದಿಲ್ಲ. ವೆಲ್ಸ್ ಬಂದರಿನ ಕಟ್ಟೆ ಮೇಲೆ ಕೂತು ಬಿಸಿ ಬಿಸಿ ಚಿಪ್ಸ್ ತಿನ್ನಿ, ವಿನಿಗರ್ ಜಾಸ್ತಿ ಹಾಕಿಸಿಕೊಳ್ಳಿ. ಕಡಲ ಹಕ್ಕಿಗಳಿಗೆ ಮಾತ್ರ ಕೊಡಬೇಡಿ, ಒಂದಕ್ಕೆ ಕೊಟ್ಟರೆ ಹತ್ತು ಬರುತ್ತವೆ.