ಮುದ್ರೆ ಇಲ್ಲದ ಗೇಮೆಲ್ಲ ಪೈರಸಿಯೇ?

ಎನ್‌ಇಎಸ್ ಅನ್ನುವುದು ನಿಂಟೆಂಡೊ ಕಂಪನಿಯ ಹಳೆಯ ಗೇಮ್ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರ. ಅದರ ಕಾರ್ಟ್ರಿಡ್ಜ್ (ಗೇಮ್ ಇರುವ, ಯಂತ್ರಕ್ಕೆ ಸಿಕ್ಕಿಸುವ ಡಬ್ಬಿ) ಮೇಲೆ ನಿಂಟೆಂಡೊ ಒಪ್ಪಿಗೆಯ ಮುದ್ರೆ ಇಲ್ಲದಿದ್ದರೆ ಅದು ಕದ್ದ ಗೇಮ್ ಅನ್ನುವ ಸಂದೇಶ ಆಗಾಗ ಓಡಾಡುತ್ತಿರುತ್ತದೆ. ಅದು ನಿಜವಲ್ಲ, ಆದರೆ ಹಾಗೆ ಅನ್ನಿಸುವುದು ಸಹಜ.

ಪೈರಸಿ ಅಂದರೆ ಬೇರೆಯವರ ಗೇಮನ್ನು ಹೇಳದೆ ಕೇಳದೆ ನಕಲು ಮಾಡುವುದು. ಲೈಸೆನ್ಸ್ ಇಲ್ಲದ ಎಷ್ಟೋ ಗೇಮ್‌ಗಳು ಸ್ವಂತವಾಗಿ ಬರೆದವು. ಕನ್ಸೋಲ್ ಕಂಪನಿಯ ಒಪ್ಪಿಗೆ ಇರಲಿಲ್ಲ, ಅಷ್ಟೇ.

1985ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಈ ಕನ್ಸೋಲ್‌ನಲ್ಲಿ ಒಪ್ಪಿಗೆ ಇಲ್ಲದ ಗೇಮ್ ತಡೆಯುವ ಒಂದು ಲಾಕ್ ಚಿಪ್ ಇತ್ತು. ಕಾರ್ಟ್ರಿಡ್ಜ್‌ನಲ್ಲಿ ಅದಕ್ಕೆ ಜೋಡಿ ಚಿಪ್ ಸಿಗದಿದ್ದರೆ ಕನ್ಸೋಲ್ ಮತ್ತೆ ಮತ್ತೆ ರೀಸೆಟ್ ಆಗಿ ಪರದೆ ಮಿಟುಕುತ್ತಿತ್ತು. ಲೈಸೆನ್ಸ್ ಇಲ್ಲದೆ ಗೇಮ್ ತಂದ ಕೆಲವರು ವೋಲ್ಟೇಜ್‌ನ ಪೆಟ್ಟು ಕೊಟ್ಟು ಆ ಚಿಪ್ಪನ್ನೇ ತಬ್ಬಿಬ್ಬು ಮಾಡಿದರು. ಜಾಣತನವೇ ಅಲ್ವಾ! 'ಮೈಕ್ರೊ ಮಷೀನ್ಸ್' ಹೀಗೆ ಲೈಸೆನ್ಸ್ ಇಲ್ಲದೆ ಬಂದ ಸ್ವಂತ ಗೇಮ್.

ನೀವೇ ನೋಡಬಹುದು: ಶೀರ್ಷಿಕೆ ಪರದೆಯಲ್ಲಿ ಕಂಪನಿ ಹೆಸರು, ವರ್ಷ ಇದೆಯೇ? ಅದೇ ಆಟ ಬೇರೆ ಹೆಸರಲ್ಲಿ, ಬೇರೆ ಕಂಪನಿಯಿಂದ ಮೊದಲೇ ಬಂದಿದೆಯೇ? ಹೆಸರು ಅಳಿಸಿದ್ದರೆ ಅನುಮಾನಿಸಿ.